ಜೇಬು ಸೇರಿದ ಸೀಟಿ

ವಾರ್ಷಿಕ ಸಂಚಿಕೆಗೆ ಆಟೋಟಗಳ ವಿಷಯವಾಗಿ ನಾಲ್ಕು ಮಾತು ಬರೆದುಕೊಡಿರೆಂದು ಸಂಪಾದಕ ಮಿತ್ರರು ಕೇಳಿದಾಗ, ಗೆದ್ದ ಬಹುಮಾನಗಳ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳೋಣವೆಂದುಕೊಂಡೆ. ಪಟ್ಟಿ ಒಂದು ಸಾಲಿಗೂ ಸಾಲಲಿಲ್ಲ. ಆದುದರಿಂದ ಸೋತ ಪಂದ್ಯವೊಂದರ ಕಥೆಯನ್ನೇ ಬರೆಯುತ್ತಿದ್ದೇನೆ.

ನಮ್ಮ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ಅಭ್ಯಾಸ ನಡೆಯುವುದು ನಾಗಸಂದ್ರದ ಒಂದು ಸಿಮೆಂಟು ಅಂಗಳದಲ್ಲಿ. ಅತ್ತ ತುಮಕೂರು ರಸ್ತೆಯ ಲಾರಿಗಳ ಸದ್ದು. ಮೇಲೆ ಮೆಟ್ರೋ ರೈಲು. ೨೦೧೫ರಿಂದ ೨೦೨೪ರ ನವೆಂಬರಿನಲ್ಲಿ ಹಳಿ ಮಾದಾವರ ಮುಟ್ಟುವವರೆಗೂ ನಾಗಸಂದ್ರವೇ ಆ ದಾರಿಯ ಕಡೆಯ ನಿಲ್ದಾಣ. “ನಾವು ಲಾಸ್ಟ್ ಸ್ಟಾಪಿನವರು ಸಾರ್” ಎಂದು ಹುಡುಗಿಯರು ಆಗ ನಗುತ್ತಿದ್ದರು. ಆ ನಗುವಿನಲ್ಲಿ ಸೋಲನ್ನು ಮುಂಚೆಯೇ ಒಪ್ಪಿಕೊಂಡ ದನಿಯಿತ್ತು.

ಇವರ ತಂದೆತಾಯಿಗಳು ಪೀಣ್ಯದ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರು. ಕಾಲೇಜಿಗೆ ಬರುವ ಮುನ್ನ ಚೆಂಡು ಮುಟ್ಟಿದವರೇ ವಿರಳ. ಚೆಂಡು ಕೈಗೆ ಬಂದೊಡನೆ ಕೆಂಡ ಬಿದ್ದಂತೆ ಇನ್ನೊಬ್ಬಳತ್ತ ಎಸೆದುಬಿಡುವರು. ತಪ್ಪಿದರೆ “ಸಾರಿ ಸಾರ್”. ತಪ್ಪದಿದ್ದರೂ “ಸಾರಿ ಸಾರ್”!

ಈ ಆಟದ ಚರಿತ್ರೆ ಸ್ವಾರಸ್ಯವಾದದ್ದು. ೧೮೯೧ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು ೧೦ ಅಡಿ ಎತ್ತರದಲ್ಲಿ ಪೀಚ್ ಹಣ್ಣಿನ ಬುಟ್ಟಿ ಕಟ್ಟಿಸಿ ಇದನ್ನು ಹೂಡಿದರು. ಎರಡು ವರ್ಷ ತುಂಬುವಷ್ಟರಲ್ಲೇ ಸೆಂಡಾ ಬೆರೆನ್ಸನ್ ಎಂಬಾಕೆ ಸ್ಮಿತ್ ಕಾಲೇಜಿನ ವಿದ್ಯಾರ್ಥಿನಿಯರಿಗೆ ಕಲಿಸಿದರು. ಆದರೆ ಹೆಣ್ಣುಮಕ್ಕಳಿಗೆ ಆಯಾಸವಾದೀತೆಂದು ಅಂಗಳವನ್ನು ಮೂರು ಪಾಲು ಮಾಡಿ, ಯಾರೂ ತಮ್ಮ ಪಾಲಿನ ಗೆರೆ ದಾಟಕೂಡದೆಂದು ನಿಯಮವಿಟ್ಟರು. ಆ ಗೆರೆಗಳು ಕಾಲಕ್ರಮದಲ್ಲಿ ಅಳಿಸಿಹೋದವು; ೧೯೭೬ರಲ್ಲಿ ಮಾಂಟ್ರಿಯಲ್ಲಿನಲ್ಲಿ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಒಲಿಂಪಿಕ್ಸ್ ಸೇರಿತು. ಇಂದು ಮಹಿಳೆಯರ ಚೆಂಡು ತುಸು ಚಿಕ್ಕದು. ಬುಟ್ಟಿಯ ಎತ್ತರ ಮಾತ್ರ ಗಂಡಸರಿಗಿರುವ ಅದೇ ೧೦ ಅಡಿ.

ಇದನ್ನೆಲ್ಲ ಹುಡುಗಿಯರಿಗೆ ಉಪನ್ಯಾಸ ಮಾಡಿದ್ದೂ ಆಯಿತು. ಅಭ್ಯಾಸದಲ್ಲಿ ಮಾತ್ರ ನಾನು ಗಳಿಗೆಗೊಮ್ಮೆ ಸೀಟಿ ಊದಿ “ಎಡಕ್ಕೆ! ಕೊಡು! ಎಸಿ!” ಎಂದು ಕೂಗುತ್ತಲೇ ಇದ್ದೆ. ಒಂದು ಸಂಜೆ ತಂಡದಲ್ಲೆಲ್ಲ ಕುಳ್ಳಾದ ಹುಡುಗಿಯನ್ನು ಕೇಳಿದೆ: “ಬುಟ್ಟಿ ಎದುರಿಗೇ ಇತ್ತಲ್ಲಮ್ಮ, ಏಕೆ ಎಸೆಯಲಿಲ್ಲ?”

“ನೀವು ಹೇಳ್ಲಿಲ್ವಲ್ಲ ಸಾರ್.”

ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಅಳಿಸಿಹೋದ ಗೆರೆಗಳನ್ನು ಬಾಯಿಂದಲೇ ಮತ್ತೆ ಎಳೆಯುತ್ತಿದ್ದವನು ನಾನೇ!

ಮರುದಿನದಿಂದ ಸೀಟಿ ಜೇಬು ಸೇರಿತು. ಮೊದಲ ವಾರ ಅಂಗಳ ಸಂತೆಯಾಯಿತು. ಎರಡನೆಯ ವಾರ “ಇಲ್ಲಿ ಕೊಡೇ!”, “ಹಿಂದೆ ಬರ್ತಿದಾಳೆ, ನೋಡ್ಕೊಳೇ!” ಎಂಬ ಕೂಗುಗಳು ಎದ್ದವು. ಅಷ್ಟರಲ್ಲಿ ಕುಳ್ಳ ಹುಡುಗಿಯ ತಂದೆ, ಮಗಳು ಸಂಜೆ ಕೆಲಸಕ್ಕೆ ಸೇರಬೇಕು, ಆಟ ಸಾಕು ಎಂದು ಹೇಳಲು ಬಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ, “ಸಾರ್, ನಮ್ಮಪ್ಪನ ಹತ್ರ ನಾನೇ ಮಾತಾಡ್ತೀನಿ” ಎಂದಳು. ವಾರಕ್ಕೆ ಮೂರು ದಿನ ಕೆಲಸ, ಮೂರು ದಿನ ಆಟ ಎಂದು ತೀರ್ಮಾನವಾಯಿತು. ನನ್ನಿಂದ ಅಷ್ಟು ಸಾಧ್ಯವಾಗುತ್ತಿರಲಿಲ್ಲ.

ಅಂತರಕಾಲೇಜು ಪಂದ್ಯದಲ್ಲಿ ಎದುರಾಳಿಗಳು ನಮಗಿಂತ ಗೇಣುದ್ದ ಹೆಚ್ಚು. ಕಡೆಯ ನಿಮಿಷದಲ್ಲಿ ನಾವು ಎರಡು ಅಂಕ ಹಿಂದೆ. ೨೦೧೭ರ ಜುಲೈನಲ್ಲಿ ಇದೇ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಮ್ಮ ಭಾರತದ ಮಹಿಳೆಯರು ಕಜಕಿಸ್ತಾನವನ್ನು ೭೫–೭೩ರಿಂದ, ಎರಡೇ ಅಂಕದಿಂದ, ಗೆದ್ದು ಏಷ್ಯಾ ಕಪ್ಪಿನ ಮೇಲಿನ ವಿಭಾಗಕ್ಕೇರಿದ್ದರಲ್ಲವೆ? ಅದನ್ನು ನೆನಪಿಸಿ ಹುರಿದುಂಬಿಸೋಣವೆಂದು ವಿರಾಮ ಕೇಳಿದೆ. ನಾಯಕಿ “ಒಂದ್ನಿಮಿಷ ಸಾರ್” ಎಂದು ನನ್ನನ್ನು ತಡೆದು, ನೆಲದ ಮೇಲೆ ಬೆರಳಿನಿಂದ ಗೆರೆಯೆಳೆದು ಯಾರು ಎಲ್ಲಿ ನಿಲ್ಲಬೇಕೆಂದು ಹೇಳತೊಡಗಿದಳು. ನಾನು ನೀರಿನ ಬಾಟಲಿ ಹಿಡಿದು ನಿಂತೆ.

ಅವಳು ಹೇಳಿದಂತೆಯೇ ಚೆಂಡು ಕುಳ್ಳ ಹುಡುಗಿಯ ಕೈಗೆ ಬಂತು. ಅವಳು ನನ್ನತ್ತ ನೋಡಲಿಲ್ಲ, ಎಸೆದಳು. ಚೆಂಡು ಬಳೆಗೆ ತಾಗಿ ಆಚೆಗೆ ಬಿತ್ತು. ಸೋತೆವು.

ಹೊರಗೆ ಬಂದವಳು “ಸಾರಿ” ಎನ್ನಲಿಲ್ಲ. “ನಾಳೆ ಬೆಳಿಗ್ಗೆ ಆರಕ್ಕೆ ಬರ್ತೀರಾ ಸಾರ್? ಅದೇ ಜಾಗದಿಂದ ನೂರು ಸಲ ಎಸೀಬೇಕು” ಎಂದಳು.

ಹೋದೆ. ಐವರು ಅದಾಗಲೇ ಬಂದಿದ್ದರು. ಸೀಟಿ ಮನೆಯಲ್ಲೇ ಉಳಿದಿತ್ತು.