ಮೈದಾನದ ಅಂಚಿನಲ್ಲಿ

ನನ್ನ ಸಮವಯಸ್ಕರಾದ ಬಂಧುಗಳು ಸಂಜೆಯಾಯಿತೆಂದರೆ ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತು ಪಿಂಚಣಿ, ಮಧುಮೇಹ, ಮೊಮ್ಮಕ್ಕಳ ಅಂಕಗಳು ಎಂಬ ಮೂರು ವಿಷಯಗಳನ್ನು ಚರ್ಚಿಸುತ್ತಾರೆ. ನಾನಾದರೋ ಒಂದು ಕೊಡೆ ಹಿಡಿದು, ಹೈಸ್ಕೂಲು ಹುಡುಗರು ಫುಟ್ಬಾಲ್ ಆಡುವ ಮೈದಾನದ ಕಡೆಗೆ ಹೊರಡುತ್ತೇನೆ. ಎಪ್ಪತ್ತು ದಾಟಿದ, ಜೀವಮಾನದಲ್ಲಿ ಒಮ್ಮೆಯೂ ಆ ಚೆಂಡನ್ನು ಒದೆಯದ ಮನುಷ್ಯನಿಗೆ ಇದೆಂಥ ಹುಚ್ಚು ಎಂದು ನಗುವವರಿದ್ದಾರೆ. ನಗಲಿ. ಅವರ ಬೆಂಚಿಗಿಂತ ನನ್ನ ಮೈದಾನದಲ್ಲಿ ಗಾಳಿ ಚೆನ್ನಾಗಿದೆ.

ನಾನು ತಿಪಟೂರು ಸೀಮೆಯವನು. ನಮ್ಮೂರಿನಲ್ಲಿ ಆಟವೆಂದರೆ ಕಬಡ್ಡಿ, ಚಿನ್ನಿದಾಂಡು, ಜಾತ್ರೆಯ ಕಾಲಕ್ಕೆ ಕುಸ್ತಿ. 1985ರಲ್ಲಿ ನಾನು ಯಲಹಂಕದ ರೈಲು ಗಾಲಿ ಕಾರ್ಖಾನೆಗೆ ಸೇರಿದಾಗ ಅದು ಆರಂಭವಾಗಿ ಒಂದು ವರ್ಷವಷ್ಟೇ ಕಳೆದಿತ್ತು. ಆಗ ಅದನ್ನು ವೀಲ್ ಅಂಡ್ ಆಕ್ಸಲ್ ಪ್ಲಾಂಟ್ ಎಂದು ಕರೆಯುತ್ತಿದ್ದರು. ನಮ್ಮ ವಿಭಾಗದಲ್ಲಿ ಬಂಗಾಳದವರೊಬ್ಬರು ಇದ್ದರು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಟೀ ಲೋಟಗಳನ್ನು ಮೇಜಿನ ಮೇಲೆ ಜೋಡಿಸಿ ಆಫ್‌ಸೈಡ್ ಎಂದರೇನು ಎಂಬುದನ್ನು ನನಗೆ ಬೋಧಿಸಿದವರು ಅವರೇ. ನಾಲ್ಕು ದಿನ ಬೇಕಾಯಿತು. ಐದನೆಯ ದಿನ ಸಂಜೆ, ಪಾಳಿ ಮುಗಿಸಿ ಹೋಗುವಾಗ ದಾರಿಯ ಪಕ್ಕದ ಮೈದಾನದಲ್ಲಿ ಶಾಲಾ ಹುಡುಗರ ಪಂದ್ಯ ಕಂಡು ಸೈಕಲ್ ನಿಲ್ಲಿಸಿದೆ. ಆ ಸೈಕಲ್ ಅಂದಿನಿಂದ ಅಲ್ಲಿಯೇ ನಿಂತಿದೆ ಎನ್ನಬಹುದು.

ಬೆಂಗಳೂರಿನ ಫುಟ್ಬಾಲ್ ಚರಿತ್ರೆಯೆಲ್ಲ ದಂಡುಪ್ರದೇಶದ್ದು. ಆಸ್ಟಿನ್ ಟೌನ್, ಹಲಸೂರಿನ ಗೌತಮಪುರ ಇವೆಲ್ಲ ಆ ಆಟದ ತವರುಗಳು. ಗೌತಮಪುರದವರು ಬ್ರೆಜಿಲ್ ದೇಶದ ಪೆಲೆಯ ಪ್ರತಿಮೆಯನ್ನೇ ತಮ್ಮ ಬೀದಿಯಲ್ಲಿ ನಿಲ್ಲಿಸಿಕೊಂಡಿದ್ದಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ತಂಡಕ್ಕೆ ಆಡಿದವರು. ಆ ತಂಡದಲ್ಲಿಯೇ ಇದ್ದ ಅಹಮದ್ ಖಾನ್ ಬೆಂಗಳೂರಿನವರು. ಅಂದು ನಮ್ಮವರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಿನಲ್ಲಿ. ಮೈಸೂರು ತಂಡ 1968-69ರಲ್ಲಿ ನಾಲ್ಕನೆಯ ಬಾರಿಗೆ ಸಂತೋಷ್ ಟ್ರೋಫಿ ಗೆದ್ದಿತು. ಅದಾದ ಮೇಲೆ ಕರ್ನಾಟಕಕ್ಕೆ ಆ ಪ್ರಶಸ್ತಿ ಮತ್ತೆ ದೊರೆಯಲು 54 ವರ್ಷಗಳು ಹಿಡಿದವು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ನಮ್ಮ ಹುಡುಗರು ಮೇಘಾಲಯವನ್ನು 3-2ರಿಂದ ಸೋಲಿಸಿದ ದಿನ ನಾನು ಮನೆಯಲ್ಲಿ ಒಬ್ಬನೇ ಎದ್ದು ನಿಂತು ಚಪ್ಪಾಳೆ ತಟ್ಟಿದ್ದನ್ನು ನಮ್ಮ ಮನೆಯವರು ಇಂದಿಗೂ ನೆಂಟರಿಗೆ ವರ್ಣಿಸುತ್ತಾರೆ.

ಉತ್ತರದ ಭಾಗಕ್ಕೆ ಅಂಥ ಹಿರಿಮೆಯಿಲ್ಲ. ಆದರೆ ಇಲ್ಲಿ ಬೇರೆಯದೇ ಒಂದು ಸೊಗಸಿದೆ. ಜಾಲಹಳ್ಳಿಯಲ್ಲಿ ಬಿ.ಇ.ಎಲ್. ಮತ್ತು ಎಚ್.ಎಂ.ಟಿ. ಕಾಲೋನಿಗಳು, ಯಲಹಂಕದಲ್ಲಿ ವಾಯುಸೇನೆಯ ನೆಲೆ, ಗಡಿ ಭದ್ರತಾ ಪಡೆ ಮತ್ತು ಕೇಂದ್ರೀಯ ಮೀಸಲು ಪಡೆಯ ಆವರಣಗಳು. ಹೀಗಾಗಿ ಕೇರಳದ, ಬಂಗಾಳದ, ಮಣಿಪುರದ ಮಕ್ಕಳು ಇಲ್ಲಿನ ಶಾಲೆಗಳಲ್ಲಿ ಓದುತ್ತಾರೆ; ದೊಡ್ಡಬಳ್ಳಾಪುರ ರಸ್ತೆಯ ಹಳ್ಳಿಗಳಿಂದ ಬಸ್ಸು ಹತ್ತಿ ಬರುವ ನಮ್ಮ ಮಕ್ಕಳು ಅವರೊಡನೆ ಸೇರಿ ಆಡುತ್ತಾರೆ. ಒಂದೇ ತಂಡದಲ್ಲಿ ಐದು ಭಾಷೆಗಳ ಬೈಗುಳ ಕೇಳಿದ್ದೇನೆ. ಜಗಳವನ್ನು ಮಾತ್ರ ಅಪರೂಪಕ್ಕೆ ಕಂಡಿದ್ದೇನೆ. 1996ರಿಂದ ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ವಿಮಾನ ಪ್ರದರ್ಶನ ನಡೆಯುತ್ತಿದೆ. ಆ ದಿನಗಳಲ್ಲಿ ಅಭ್ಯಾಸ ನಡೆಯುವುದು ಹೆಸರಿಗೆ ಮಾತ್ರ. ನೆತ್ತಿಯ ಮೇಲೆ ಸೂರ್ಯಕಿರಣ್ ವಿಮಾನಗಳು ಸಾಲಾಗಿ ಹಾರುವಾಗ ಗೋಲ್‌ಕೀಪರ್ ಆಕಾಶ ನೋಡುತ್ತ ನಿಂತು, ಚೆಂಡು ಅವನ ಕಾಲುಗಳ ನಡುವೆಯೇ ನುಸುಳಿ ಹೋದುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಶಾಲಾ ತಂಡದ ಅಭಿಮಾನಿಯಾಗುವುದು ದೊಡ್ಡ ಕ್ಲಬ್ಬಿನ ಅಭಿಮಾನಿಯಾದಂತೆ ಅಲ್ಲ. 2013ರಲ್ಲಿ ಬೆಂಗಳೂರು ಎಫ್.ಸಿ. ಸ್ಥಾಪನೆಯಾದ ಮೇಲೆ ಕಂಠೀರವ ಕ್ರೀಡಾಂಗಣಕ್ಕೆ ನಾನೂ ಎರಡು ಬಾರಿ ಹೋಗಿ ಬಂದೆ, ಕಿವಿ ಕಿವುಡಾಯಿತು. ಅಲ್ಲಿಯ ಆಟಗಾರನನ್ನು ಹತ್ತು ವರ್ಷ ನೋಡಬಹುದು. ಹೈಸ್ಕೂಲಿನಲ್ಲಿ ಹಾಗಲ್ಲ. ಎಂಟನೆಯ ತರಗತಿಯಲ್ಲಿ ದೊಗಳೆ ಜೆರ್ಸಿ ತೊಟ್ಟು ಬರುತ್ತಾನೆ. ಒಂಬತ್ತರಲ್ಲಿ ಧ್ವನಿ ಒಡೆಯುತ್ತದೆ, ಕಾಲು ನೀಳವಾಗುತ್ತದೆ. ಹತ್ತನೆಯ ತರಗತಿಗೆ ಬಂದಾಗ, ಇನ್ನೇನು ಆಟ ಪಕ್ವವಾಯಿತೆನ್ನುವ ಹೊತ್ತಿಗೆ, ಮೈದಾನದಿಂದ ಮಾಯವಾಗುತ್ತಾನೆ. ಟ್ಯೂಷನ್, ಪೂರ್ವಸಿದ್ಧತಾ ಪರೀಕ್ಷೆ, ತಂದೆಯ ಆಜ್ಞೆ. ಮೂರು ವರ್ಷಕ್ಕೊಮ್ಮೆ ಇಡೀ ತಂಡವನ್ನೇ ಕಳೆದುಕೊಳ್ಳುವವನೇ ಶಾಲಾ ಫುಟ್ಬಾಲಿನ ಅಭಿಮಾನಿ.

ಹಾಗೆ ಮಾಯವಾಗದ ಕೆಲವರಿಗಾಗಿಯೇ ಸುಬ್ರತೋ ಕಪ್ ಇದೆ. ಭಾರತೀಯ ವಾಯುಸೇನೆಗೆ ಮೊದಲ ಭಾರತೀಯ ಮುಖ್ಯಸ್ಥರಾಗಿದ್ದ ಸುಬ್ರತೋ ಮುಖರ್ಜಿಯವರ ಹೆಸರಿನ ಈ ಅಂತರಶಾಲಾ ಪಂದ್ಯಾವಳಿ 1960ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. ಶಾಲಾ ಮಕ್ಕಳಿಂದಲೇ ಆಟ ಬೆಳೆಯಬೇಕೆಂಬುದು ಅವರ ಕನಸು. ಆ ವರ್ಷವೇ ಅವರು ತೀರಿಕೊಂಡರು. 2012ರಿಂದ ಬಾಲಕಿಯರಿಗೂ ಅಲ್ಲಿ ಸ್ಥಾನ ದೊರೆತಿದೆ. ಕಿರಿಯ ಬಾಲಕರ ವಿಭಾಗ 2024ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. ವಲಯ, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿ ಅಲ್ಲಿಗೆ ತಲುಪಬೇಕು. ನಾನು ಅನುಸರಿಸುವ ಶಾಲೆ ಇದುವರೆಗೆ ಮೊದಲ ಮೆಟ್ಟಿಲಿನಿಂದ ಎರಡನೆಯದಕ್ಕೆ ಏರಿರುವುದೇ ಬೆರಳೆಣಿಕೆಯಷ್ಟು ಸಲ.

ಈಗ ನನ್ನ ಮನೆಯ ಮಾತಿಗೆ ಬರುತ್ತೇನೆ.

ನನ್ನ ಮಗನೂ ಆಡುತ್ತಿದ್ದ. 1998ರಲ್ಲಿ ಅವನು ಎಸ್.ಎಸ್.ಎಲ್.ಸಿ. ಆ ಜುಲೈ ತಿಂಗಳ ರಾತ್ರಿ ಫ್ರಾನ್ಸ್ ದೇಶ ಬ್ರೆಜಿಲನ್ನು 3-0ರಿಂದ ಸೋಲಿಸಿ ವಿಶ್ವಕಪ್ ಗೆದ್ದ ಪಂದ್ಯವನ್ನು ಅವನು ಪಕ್ಕದ ಮನೆಯಲ್ಲಿ ಕದ್ದು ನೋಡಿ ಬಂದ. ಬೆಳಗ್ಗೆ ನಾನು ಅವನ ಬೂಟುಗಳನ್ನು ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಎಸೆದೆ. ಮಗ ಎದುರಾಡಲಿಲ್ಲ. ಪ್ರಥಮ ದರ್ಜೆಯಲ್ಲಿ ಪಾಸಾದ, ಇಂಜಿನಿಯರಾದ. ಪರರ ಮಕ್ಕಳ ಆಟವನ್ನು ಮಾತ್ರ ನಾನು ನೋಡುತ್ತಲೇ ಇದ್ದೆ. ಇದನ್ನು ಬರೆಯುವಾಗ ಲೇಖನಿ ಸ್ವಲ್ಪ ತಡೆಯುತ್ತದೆ.

ಅವನ ಮಗ, ನನ್ನ ಮೊಮ್ಮಗ, ಎಂಟನೆಯ ತರಗತಿಗೆ ಬಂದಾಗ ಮನೆಗೆ ಹೊಸ ಬೂಟುಗಳು ಬಂದವು. ತಂದದ್ದು ನನ್ನ ಮಗನೇ. ನನ್ನನ್ನು ಕೇಳಲಿಲ್ಲ, ನಾನೂ ಏಕೆಂದು ಕೇಳಲಿಲ್ಲ. ಹುಡುಗ ಎತ್ತರವಾಗಿದ್ದುದರಿಂದ ಪಿ.ಟಿ. ಮೇಷ್ಟ್ರು ಗೋಲ್‌ಕೀಪರ್ ಮಾಡಿದರು. ತೊಡಕು ಹುಟ್ಟಿದ್ದು ಅಲ್ಲಿಯೇ.

ಹುಡುಗನಿಗೆ ಎಂಟನೆಯ ವಯಸ್ಸಿನಲ್ಲಿ ಊರಿನ ಮಠದ ಗುರುಗಳಿಂದ ಲಿಂಗದೀಕ್ಷೆಯಾಗಿದೆ. ಅಜ್ಜಿ ಕೊಡಿಸಿದ ಬೆಳ್ಳಿಯ ಕರಡಿಗೆ ಅವನ ಎದೆಯ ಮೇಲಿದೆ. ಮುಂದೆ ಆಡುವವನಾಗಿದ್ದರೆ ಹೇಗೋ ನಡೆಯುತ್ತಿತ್ತೇನೋ. ಗೋಲ್‌ಕೀಪರ್ ಚೆಂಡನ್ನು ಎದೆಗವಚಿಕೊಂಡು ನೆಲಕ್ಕೆ ಬೀಳಬೇಕು. ಒಂದು ದಿನ ಅಭ್ಯಾಸದಲ್ಲಿ ಹಾಗೆ ಬಿದ್ದಾಗ ಕರಡಿಗೆಯ ಅಂಚು ಪಕ್ಕೆಲುಬಿಗೆ ಒತ್ತಿ, ಮೂರು ದಿನ ಉಸಿರೆಳೆಯಲು ಕಷ್ಟಪಟ್ಟ. ಫುಟ್ಬಾಲಿನ ನಿಯಮಾವಳಿಯಲ್ಲಿ ನಾಲ್ಕನೆಯದು ಇದೇ ವಿಷಯ ಹೇಳುತ್ತದೆ: ಅಪಾಯ ತರುವ ಯಾವ ವಸ್ತುವೂ ಆಟಗಾರನ ಮೈಮೇಲಿರಕೂಡದು, ಸರ, ಉಂಗುರ, ಕಡಗಗಳನ್ನು ಕಳಚಿಡಬೇಕು, ಮೇಲೆ ಟೇಪ್ ಸುತ್ತಿ ಮರೆಮಾಡುವುದೂ ಸಲ್ಲದು. ಆಟಗಾರರು ಮೈದಾನಕ್ಕಿಳಿಯುವ ಮೊದಲು ರೆಫರಿಯು ಒಬ್ಬೊಬ್ಬರನ್ನೂ ಪರೀಕ್ಷಿಸುವುದು ಅದಕ್ಕಾಗಿಯೇ.

ನಮ್ಮ ಮನೆಯವರು ಒಪ್ಪಲಿಲ್ಲ. "ನೀರು ಹುಯ್ಕೊಳ್ಳೋವಾಗ್ಲೂ ಮೈಮೇಲಿರೋದನ್ನ ಒಂದು ಚೆಂಡಿಗೋಸ್ಕರ ತೆಗೀಬೇಕಾ?" ಎಂದರು. ಪ್ರಶ್ನೆ ಚಿಕ್ಕದಲ್ಲ. ಅಂಗದಿಂದ ಲಿಂಗ ಅಗಲಬಾರದೆಂಬ ಮಾತನ್ನು ಕೇಳಿಯೇ ಬೆಳೆದವರು ನಾವು. ಬೆಳ್ಳಿ ಬೇಡ, ಮೆತ್ತನೆಯ ವಸ್ತ್ರದಲ್ಲಿ ಕಟ್ಟೋಣವೆಂದೆ. ಆದರೆ ವಸ್ತ್ರದೊಳಗಿನದೂ ಗಟ್ಟಿಯೇ ತಾನೆ? ಹಿರಿಯರು ಕಂಠ, ಕಕ್ಷ, ಕರಸ್ಥಲವೆಂದು ಧಾರಣೆಯ ಸ್ಥಾನಗಳನ್ನು ಹೇಳಿದ್ದಾರೆ, ತೋಳಿಗೆ ಕಟ್ಟಬಹುದಲ್ಲವೇ ಎಂದೂ ವಾದಿಸಿದೆ. ಹುಡುಗ ನಕ್ಕ. "ತಾತ, ನಾನು ಬೀಳೋದೇ ತೋಳಿನ ಮೇಲೆ" ಎಂದ. ಕರಸ್ಥಲವಂತೂ ಗೋಲ್‌ಕೀಪರನಿಗೆ ಬಿಡುವಿಲ್ಲದ ಸ್ಥಲ.

ಆ ರಾತ್ರಿ ಊಟವಾದ ಮೇಲೆ ಮಗ ನನ್ನ ಕೋಣೆಗೆ ಬಂದ. ಬಾಗಿಲಲ್ಲೇ ನಿಂತು, "ಅಪ್ಪ, ಏನಾದ್ರೂ ದಾರಿ ಹುಡುಕಿ. ಆಡಬೇಡ ಅಂತ ಮಾತ್ರ ಅವನಿಗೆ ಹೇಳ್ಬೇಡಿ" ಎಂದು ಹೇಳಿ ಹೊರಟುಹೋದ. ಇಪ್ಪತ್ತಾರು ವರ್ಷಗಳಲ್ಲಿ ಆ ವಿಷಯವಾಗಿ ಅವನಾಡಿದ ಮಾತು ಅದೊಂದೇ. ಅಟ್ಟದ ಗೋಣಿಚೀಲ ನನ್ನ ಕಣ್ಣ ಮುಂದೆ ಬಂತು. ಬೂಟುಗಳನ್ನು ಎಂದೋ ಗುಜರಿಯವನಿಗೆ ಕೊಟ್ಟಾಗಿತ್ತು.

ದಾರಿ ಹುಡುಕಿದವರು ನಾನಲ್ಲ. 2024ರ ಆಗಸ್ಟ್ ತಿಂಗಳಲ್ಲಿ ವಲಯ ಮಟ್ಟದ ಪಂದ್ಯದ ದಿನ ನಮ್ಮ ಮನೆಯವರು ಪೂಜೆ ಮುಗಿಸಿ, ಒಗೆದ ಸೀರೆಯುಟ್ಟು, "ನಡೀರಿ, ನಾನೂ ಬರ್ತೀನಿ" ಎಂದರು. ಮದುವೆಯಾದಂದಿನಿಂದ ಅವರು ಮೈದಾನದ ಮುಖ ನೋಡಿದವರಲ್ಲ. ಹಿಂದಿನ ರಾತ್ರಿ ಮಳೆ ಸುರಿದು ಗೋಲುಕಂಬಗಳ ಮುಂದೆಲ್ಲ ಕೆಸರಾಗಿತ್ತು. ರೆಫರಿ ಇನ್ನೂ ಎಳೆಯ ವಯಸ್ಸಿನವರು. ಹುಡುಗನ ಎದೆ ಮುಟ್ಟಿ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡು, ನಮ್ಮ ಕಡೆ ತಿರುಗಿದರು. "ಸಾರ್, ಇದನ್ನ ಒಡವೆ ಅಂತ ನಾನು ಹೇಳ್ತಿಲ್ಲ. ಆದ್ರೆ ಇದರ ಮೇಲೆ ಬಿದ್ರೆ ಹುಡುಗನಿಗೆ ಪೆಟ್ಟಾಗತ್ತೆ" ಎಂದರು. ಅವರ ಮಾತಿನಲ್ಲಿ ದರ್ಪವಿರಲಿಲ್ಲ.

ಮೊಮ್ಮಗ ಅಜ್ಜಿಯ ಮುಖ ನೋಡಿದ. ಅವರು ಹೊಂಗೆ ಮರದ ಬುಡದ ಕಟ್ಟೆಯ ಮೇಲೆ ಕುಳಿತು, ಸೆರಗನ್ನು ಎರಡೂ ಕೈಗಳ ಮೇಲೆ ಹಾಸಿ ಮುಂದೆ ಚಾಚಿದರು. ಹುಡುಗ ಬಾಟಲಿಯ ನೀರಿನಿಂದ ಕೈ ತೊಳೆದು, ಶಿವದಾರ ತೆಗೆದು, ಕಣ್ಣಿಗೊತ್ತಿಕೊಂಡು ಆ ಸೆರಗಿನ ಮೇಲೆ ಇರಿಸಿದ. ಆಮೇಲೆ ಓಡಿದ.

ನಾನು ನೋಡಿದ ಪಂದ್ಯಗಳಲ್ಲಿ ಅದು ವಿಶೇಷವಾದದ್ದೇನಲ್ಲ. ಎರಡೂ ಕಡೆಯವರು ಜಾರಿ ಬಿದ್ದದ್ದೇ ಹೆಚ್ಚು. ಎದುರಾಳಿ ತಂಡದ ಕುಳ್ಳ ಹುಡುಗನೊಬ್ಬ ಮಾತ್ರ ಕೆಸರಿನಲ್ಲಿಯೂ ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಓಡುತ್ತಿದ್ದ; ಅವನ ಎರಡು ಹೊಡೆತಗಳನ್ನು ಮೊಮ್ಮಗ ಎದೆಗವಚಿ ಬಿದ್ದು ತಡೆದ. ಪ್ರತಿ ಸಲ ಬಿದ್ದಾಗಲೂ ನಮ್ಮ ಮನೆಯವರ ಉಸಿರು ನಿಲ್ಲುತ್ತಿದ್ದುದು ನನಗೆ ಕೇಳಿಸುತ್ತಿತ್ತು. ನಡುವೆ ಒಮ್ಮೆ, "ಅವನನ್ನ ಮಾತ್ರ ಯಾಕೆ ಅಷ್ಟು ದೂರ ಒಬ್ಬನ್ನೇ ನಿಲ್ಸಿದಾರೆ? ಜಗಳ ಏನಾದ್ರೂ ಆಗಿದೆಯಾ?" ಎಂದು ಕೇಳಿದರು. ಅವನ ಕೆಲಸವೇ ಅದೆಂದು ತಿಳಿಸಿದೆ. ಎರಡನೆಯ ಅವಧಿ ಮುಗಿಯುತ್ತ ಬಂದಾಗ ಕಾರ್ನರಿನಿಂದ ಬಂದ ಚೆಂಡು ಯಾರ ತಲೆಗೋ ತಗುಲಿ ಒಳಗೆ ಹೋಯಿತು. ಸೋಲು, ಒಂದು ಗೋಲಿನಿಂದ. ನಮ್ಮ ಹುಡುಗರಿಗಾಗಿ ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಅವರಿಗೆ ತಟ್ಟಲಾಗಲಿಲ್ಲ, ಪಂದ್ಯ ಮುಗಿಯುವವರೆಗೂ ಎರಡು ಅಂಗೈಗಳೂ ಎದೆಯ ಮಟ್ಟದಿಂದ ಕೆಳಗಿಳಿದಿರಲಿಲ್ಲ. ತೋಳು ನಡುಗುತ್ತಿತ್ತು. ನಾನು ಹಿಡಿದುಕೊಳ್ಳಲೇ ಎಂದದ್ದಕ್ಕೆ ತಲೆಯಾಡಿಸಿ ಬೇಡವೆಂದರು.

ಮೊಮ್ಮಗ ಮೈಯೆಲ್ಲ ಕೆಸರಾಗಿ ಬಂದ. ಕಣ್ಣು ತುಂಬಿತ್ತು. ನೀರು ಕುಡಿಯೆಂದು ಮೇಷ್ಟ್ರು ಕೊಟ್ಟ ಬಾಟಲಿಯಿಂದ ಮೊದಲು ಕೈ, ಮುಖ, ಕತ್ತು ತೊಳೆದುಕೊಂಡ. ಶಿವದಾರ ಧರಿಸಿದ ಮೇಲೆಯೇ ಉಳಿದದ್ದನ್ನು ಕುಡಿದ.

ಆಚಾರ ಬಲ್ಲ ಹಿರಿಯರು ಇದನ್ನು ಒಪ್ಪುವರೋ ಆಕ್ಷೇಪಿಸುವರೋ, ಆಕ್ಷೇಪಿಸಿದರೆ ತಲೆಬಾಗಿ ಕೇಳಲು ಸಿದ್ಧನಿದ್ದೇನೆ. ಈ ಪತ್ರಿಕೆಯನ್ನೋದುವ ಮನೆಗಳಲ್ಲಿ ಆಡುವ ಮಕ್ಕಳು ಬಹಳ ಇದ್ದಾರೆ. ಅವರ ತಾಯ್ತಂದೆಯರೂ ಏನೋ ಒಂದು ಏರ್ಪಾಡು ಮಾಡಿಕೊಂಡೇ ಇರುತ್ತಾರೆ. ಅದನ್ನು ಅವರೂ ಬರೆದು ತಿಳಿಸಿದರೆ ಉಪಕಾರವಾದೀತು.

ಮೊಮ್ಮಗ ಈಗ ಹತ್ತನೆಯ ತರಗತಿ. ಬೂಟುಗಳು ಬಾಗಿಲ ಪಕ್ಕದಲ್ಲಿಯೇ ಇವೆ. ಬರುವ ಶನಿವಾರ ಜಾಲಹಳ್ಳಿಯ ಕಡೆ ಒಂದು ಪಂದ್ಯವಿದೆಯಂತೆ. ಅಲ್ಲಿ ಕುಳಿತುಕೊಳ್ಳಲು ನೆರಳಿದೆಯೇ ಎಂದು ನಮ್ಮ ಮನೆಯವರು ಬೆಳಗ್ಗೆ ವಿಚಾರಿಸಿದರು.