ಕಬ್ಬಿಣದ ಕಾಲು, ಹಲಸಿನ ಹಲಗೆ

ಬೆಂಗಳೂರಿನ ಪೇಟೆಯನ್ನು ಕಾಣದ ಕನ್ನಡಿಗರು ವಿರಳ. ಮದುವೆಯ ಸೀರೆಗೆ ಚಿಕ್ಕಪೇಟೆ, ಶಾಲೆಯ ಪುಸ್ತಕಕ್ಕೆ ಅವೆನ್ಯೂ ರಸ್ತೆ, ಹಬ್ಬದ ಹೂವಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆ ಎಂದು ಪ್ರತಿಯೊಂದು ಸಂಸಾರಕ್ಕೂ ಅಲ್ಲಿ ಒಂದು ಪರಿಚಿತವಾದ ದಾರಿ ಉಂಟು. ಈಚೆಗೆ ನಾವು ಎರಡು ದಿನ ಅದೇ ಪೇಟೆಯನ್ನು ಸುತ್ತಿದೆವು. ಹುಡುಕಿದ್ದು ಮಾತ್ರ ನೀರು ಹರಿಯುವ ಕಬ್ಬಿಣದ ಕೊಳವೆಗಳನ್ನು. ಅವುಗಳಿಂದ ಪುಸ್ತಕದ ನಿಲುವೊಂದನ್ನು ಮಾಡಬೇಕೆಂಬುದು ನಮ್ಮ ಸಂಕಲ್ಪವಾಗಿತ್ತು.

ಸಂಕಲ್ಪಕ್ಕೆ ಕಾರಣ ಹೀಗಿದೆ. ಮಲೆನಾಡಿನಲ್ಲಿದ್ದ ನಮ್ಮ ಹಿರಿಯರ ಮನೆಯನ್ನು ಕೆಡವಿದಾಗ ನಮ್ಮ ಪಾಲಿಗೆ ಬಂದದ್ದು ಎರಡು ವಸ್ತು: ಅಟ್ಟದ ಹಲಸಿನ ಹಲಗೆಗಳು, ತಂದೆಯವರ ಪುಸ್ತಕಗಳು. ಪುಸ್ತಕಗಳನ್ನು ಗೋಣಿಚೀಲಗಳಲ್ಲಿ ತುಂಬಿ ತಂದು ಬಾಡಿಗೆ ಮನೆಯ ನಡುಮನೆಯ ಮೂಲೆಯಲ್ಲಿ ಇಳಿಸಿದೆವು. ನಾಳೆ ಜೋಡಿಸೋಣ, ನಾಡಿದ್ದು ಜೋಡಿಸೋಣ ಎನ್ನುತ್ತ ಒಂದು ಮಳೆಗಾಲವೇ ಕಳೆಯಿತು. ಒಂದು ದಿನ ತಾಯಿಯವರು ಚೀಲವನ್ನು ಸರಿಸಿ ನೋಡಿದರೆ ತಳದಲ್ಲಿ ಗೆದ್ದಲಿನ ಮಣ್ಣು! ತಂದೆಯವರು ಅಂಚಿನಲ್ಲಿ ಟಿಪ್ಪಣಿ ಬರೆದಿಟ್ಟಿದ್ದ ಎರಡು ಗ್ರಂಥಗಳು ಕೈಯಲ್ಲಿ ಹಿಡಿದರೆ ಪುಡಿಯಾದವು. ತಾಯಿಯವರು ನಮ್ಮನ್ನು ಬೈಯಲಿಲ್ಲ. “ಉಳಿದದ್ದನ್ನಾದರೂ ನೆಲದಿಂದ ಎತ್ತಿಡಪ್ಪ” ಎಂದಷ್ಟೇ ಅಂದರು. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಹಲಗೆ ನಮ್ಮಲ್ಲಿತ್ತು, ನೆಲಕ್ಕೆ ತಾಗದಂತೆ ಅದನ್ನು ಹೊರುವ ಕಾಲು ಬೇಕಾಗಿತ್ತು. ಕೊಳವೆ ಮತ್ತು ಮರವನ್ನು ಕೂಡಿಸಿ ಮಾಡುವ ನಿಲುವು ಈಗ ಬಹಳ ಮನೆಗಳಲ್ಲಿ ಕಾಣುತ್ತದೆ. ಅಮೆರಿಕದ ನ್ಯೂಯಾರ್ಕ್ ನಗರದ ಸೋಹೋ ಎಂಬಲ್ಲಿ ೧೯೬೦ರ ದಶಕದಲ್ಲಿ ಚಿತ್ರಕಾರರು ಬರಿದಾದ ಕಾರ್ಖಾನೆಗಳಲ್ಲಿ ವಾಸಕ್ಕೆ ಹೋದರು. ಅಲ್ಲಿನ ಮುಚ್ಚಿಲ್ಲದ ಇಟ್ಟಿಗೆ, ಕೊಳವೆ, ತೊಲೆಗಳ ನೋಟವೇ ಕಾಲಕ್ರಮದಲ್ಲಿ ಗೃಹಾಲಂಕಾರದ ಒಂದು ರೀತಿಯಾಯಿತು. ನಮಗೆ ಅಲಂಕಾರಕ್ಕಿಂತ ಬೇರೆರಡು ಗುಣಗಳು ಹಿಡಿಸಿದವು. ಕಬ್ಬಿಣವನ್ನು ಗೆದ್ದಲು ತಿನ್ನದು. ಮನೆ ಬದಲಾಯಿಸುವಾಗ ತಿರುಪುಗಳನ್ನು ಬಿಚ್ಚಿ ಎಲ್ಲವನ್ನೂ ಕಟ್ಟಿಕೊಂಡು ಹೋಗಬಹುದು.

ಮೊದಲ ದಿನ ಬೆಳಗ್ಗೆ ಹಲಗೆಗಳನ್ನು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಗೆ ಒಯ್ದೆವು. ಅಲ್ಲಿನ ಗಾಳಿಯೇ ಬೇರೆ. ಹೊಸದಾಗಿ ಕೊಯ್ದ ಮರದ ವಾಸನೆ, ಗರಗಸದ ಗದ್ದಲ, ಕಾಲಡಿಯಲ್ಲಿ ಮೆತ್ತನೆಯ ಹೊಟ್ಟು. ಸಾಮಿಲ್ಲಿನ ಹಿರಿಯ ಕೆಲಸಗಾರರು ಹಲಗೆಯನ್ನು ಯಂತ್ರಕ್ಕೆ ಕೊಡುವ ಮುಂಚೆ ಅದರ ಮೇಲೆಲ್ಲ ಅಯಸ್ಕಾಂತವನ್ನು ಆಡಿಸಿದರು. ಹಳೆಯ ಮರದಲ್ಲಿ ಮುರಿದ ಮೊಳೆ ಅಡಗಿದ್ದರೆ ಯಂತ್ರದ ಅಲಗು ಹಾಳಾಗುವುದಲ್ಲದೆ ಚೂರು ಸಿಡಿದು ಆಳಿಗೂ ಅಪಾಯವಂತೆ. ಏಳು ಮೊಳೆಗಳು ಸಿಕ್ಕಿದವು. ಹತ್ತರಿ ಹಿಡಿದ ಮೇಲೆ ಹೊಗೆ ಹಿಡಿದು ಕಪ್ಪಾಗಿದ್ದ ಮೈ ಕಳಚಿ ಒಳಗಿನ ಜೇನಿನ ಬಣ್ಣ ಹೊರಬಂದಾಗ ಅವರು, “ಇಂಥ ಮರ ಈಗೆಲ್ಲಿ ಸಿಗುತ್ತೆ ಸ್ವಾಮಿ, ಜೋಪಾನ” ಎಂದರು. ಅಂಗುಲ ದಪ್ಪ, ೧೦ ಅಂಗುಲ ಅಗಲ, ೪ ಅಡಿ ಉದ್ದದ ಮೂರು ಹಲಗೆಗಳಾದವು; ಒಂದಿಷ್ಟು ಉಳಿಯಿತು.

ಅಲ್ಲಿಂದ ಬಸ್ಸು ಹಿಡಿದು ಮಾರುಕಟ್ಟೆಗೆ ಬಂದೆವು. ೧೫೩೭ರಲ್ಲಿ ಕೆಂಪೇಗೌಡರು ಕಟ್ಟಿದ ಊರಿನ ಬೀದಿಗಳು ಇಂದಿಗೂ ಕಸುಬು ಮತ್ತು ಸರಕಿನ ಹೆಸರುಗಳನ್ನೇ ಹೊತ್ತಿವೆ: ಅಕ್ಕಿಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ. ಕಬ್ಬಿಣದ ಸಾಮಾನಿಗೆ ಎಸ್.ಜೆ.ಪಿ. ರಸ್ತೆ ಮತ್ತು ನರಸಿಂಹರಾಜ ರಸ್ತೆಗಳ ಕಡೆ ಹೋಗಬೇಕು. ಈ ಊರಿಗೆ ಕೊಳವೆ ಬಂದ ಕಥೆ ಬಹಳ ಹಳೆಯದಲ್ಲ. ಹಿಂದೆ ಪೇಟೆಯ ಜನಕ್ಕೆ ಬಾವಿಗಳೂ ಧರ್ಮಾಂಬುಧಿಯಂಥ ಕೆರೆಗಳೂ ಆಧಾರ. ಆ ಕೆರೆಯಂಗಳವೇ ಇಂದಿನ ಕೆಂಪೇಗೌಡ ಬಸ್ ನಿಲ್ದಾಣ. ಹೆಸರಘಟ್ಟದ ಕೆರೆಯ ನೀರು ಕೊಳವೆಯಲ್ಲಿ ನಗರಕ್ಕೆ ಹರಿದದ್ದು ೧೮೯೦ರ ದಶಕದಲ್ಲಿ. ಈಗ ಮನೆಗಳೊಳಗಿನ ನೀರಿಗೆ ಪ್ಲಾಸ್ಟಿಕ್ಕಿನ ಕೊಳವೆ ಬಂದು, ಕೆಡವಿದ ಮನೆಗಳ ಕಬ್ಬಿಣದ ಕೊಳವೆಗಳು ಗುಜರಿ ಅಂಗಡಿಗಳನ್ನು ಸೇರುತ್ತಿವೆ.

“ನೀರಿಗೋ, ಗ್ಯಾಸಿಗೋ?” ಎಂದು ಅಂಗಡಿಯವರು ಕೇಳಿದರು. “ಪುಸ್ತಕಕ್ಕೆ” ಎಂದೆವು. ಅವರು ನಗಲಿಲ್ಲ, ಸ್ಟೂಲು ಎಳೆದು ಕೂರಿಸಿ ಪಾಠವನ್ನೇ ಹೇಳಿದರು. ಸತುವಿನ ಲೇಪವಿರುವ ಜಿ.ಐ. ಕೊಳವೆಯ ಮೇಲೆ ಹಳದಿ ಪಟ್ಟಿಯಿದ್ದರೆ ತೆಳುವಿನದು, ನೀಲಿಯಾದರೆ ಮಧ್ಯಮ, ಕೆಂಪಾದರೆ ಭಾರಿಯದು. ಮನೆಯ ನಿಲುವಿಗೆ ನೀಲಿ ಪಟ್ಟಿಯ ಮುಕ್ಕಾಲು ಅಂಗುಲದ್ದು ಸಾಕು. ಅದು ಮೀಟರಿಗೆ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಮುಕ್ಕಾಲು ಅಂಗುಲವೆಂಬುದು ಒಳಗಿನ ರಂಧ್ರದ ಹೆಸರು, ಹೊರಗಿನ ಅಳತೆ ಒಂದಂಗುಲಕ್ಕಿಂತ ತುಸು ಹೆಚ್ಚು. ಇದನ್ನು ಮರೆತು ಕ್ಲಾಂಪು ಕೊಂಡವರು ಮರಳಿ ಬರುತ್ತಾರೆ.

ನಮ್ಮ ನಕ್ಷೆ ಸರಳವಾಗಿತ್ತು. ಮೂರು ಅಡಿ ಅಂತರದಲ್ಲಿ ಎರಡು ಕಂಬ. ಪ್ರತಿ ಕಂಬಕ್ಕೆ ನೆಲದಲ್ಲಿ ಒಂದು ಫ್ಲಾಂಜು, ಅದರ ಮೇಲೆ ೬ ಅಂಗುಲದ ತುಂಡು, ಒಂದು ಟೀ, ೧೨ ಅಂಗುಲದ ತುಂಡು, ಇನ್ನೊಂದು ಟೀ, ಮತ್ತೆ ೧೨ ಅಂಗುಲದ ತುಂಡು, ತುದಿಗೆ ಎಲ್ಬೋ. ಟೀ ಮತ್ತು ಎಲ್ಬೋಗಳಿಂದ ಗೋಡೆಯ ಕಡೆಗೆ ೧೦ ಅಂಗುಲದ ತೋಳುಗಳು. ತೋಳಿನ ತುದಿಯ ಫ್ಲಾಂಜು ಗೋಡೆಗೆ, ತೋಳುಗಳ ಮೇಲೆ ಹಲಗೆ. ಒಟ್ಟು ೮ ಫ್ಲಾಂಜು, ೪ ಟೀ, ೨ ಎಲ್ಬೋ, ೧೨ ತುಂಡು. ಅಂಗಡಿಯವರು ತುಂಡುಗಳ ತುದಿಗೆ ಮರೆ ಹೊಡೆಸಿ, “ಲೆಕ್ಕ ಆಮೇಲೆ, ಮೊದಲು ಒಂದು ಅಂತಸ್ತು ಜೋಡಿಸಿ ನೋಡಿ” ಎಂದರು. ಒಳ್ಳೆಯ ಮಾತು. ಮರೆಯೊಳಗೆ ಪ್ರತಿ ತುದಿಯೂ ಸುಮಾರು ಅರ್ಧ ಅಂಗುಲ ಅಡಗುತ್ತದೆ, ಆದರೆ ಟೀ ತನ್ನ ಮೈಯ ಉದ್ದವನ್ನು ಕೂಡಿಸುತ್ತದೆ. ಹೀಗಾಗಿ ೧೨ ಅಂಗುಲದ ತುಂಡು ಅಂತಸ್ತಿಗೆ ಹದಿಮೂರಕ್ಕೂ ಮೀರಿದ ಎತ್ತರವನ್ನು ಕೊಟ್ಟಿತು.

ಮನೆಯಲ್ಲಿ ಕೊಳವೆಯ ಎಣ್ಣೆಜಿಡ್ಡನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದೆವು. ಇಂಥ ಕೊಳವೆಯನ್ನು ಬೆಂಕಿಗೆ ಕಾಯಿಸಲೂ ಬೆಸುಗೆ ಹಾಕಲೂ ಹೋಗಬಾರದು. ಸತುವಿನ ಹೊಗೆ ಜ್ವರ ತರುತ್ತದೆ. ಹಲಗೆಗಳಿಗೆ ಉಪ್ಪುಕಾಗದ ತಿಕ್ಕಿ ಅಗಸೆ ಎಣ್ಣೆ ಬಳಿದೆವು. ಆ ಎಣ್ಣೆಯ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಅದು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳುವ ಸಂಭವವುಂಟಾದ್ದರಿಂದ ಹರವಿ ಒಣಗಿಸುವುದು ಕ್ಷೇಮ. ಮನೆಯ ಯಜಮಾನರ ಅನುಮತಿ ಪಡೆದು ಗೋಡೆಗೆ ರಂಧ್ರ ಕೊರೆದು, ಪ್ಲಗ್ಗು ಹೊಡೆದು, ತಿರುಪು ಬಿಗಿದು, ರಸಮಟ್ಟವಿಟ್ಟು ನೋಡಿದರೆ ಎಲ್ಲವೂ ಸರಿಯಾಗಿತ್ತು. ಕೊರೆಯುವಾಗ ಇಟ್ಟಿಗೆಯ ಪುಡಿಯ ಬದಲು ಮೆತ್ತನೆಯ ಕೆಂಪುಮಣ್ಣು ಉದುರಿದ್ದನ್ನು ಕಂಡೂ ನಾವು ಲಕ್ಷಿಸಲಿಲ್ಲ.

ಪರೀಕ್ಷೆಗೆಂದು ಪುಸ್ತಕಗಳ ಬದಲು ಅಕ್ಕಿಮೂಟೆಯೊಂದನ್ನು ನಡುವಿನ ಹಲಗೆಯ ಮೇಲೆ ಇಟ್ಟದ್ದು ದೈವಕೃಪೆ. ಬೆಳಗಾಗುವಷ್ಟರಲ್ಲಿ ಹಿಂದಿನ ಎರಡು ಫ್ಲಾಂಜುಗಳು ಪ್ಲಗ್ಗು ಸಮೇತ ಕಿತ್ತುಕೊಂಡು ಹಲಗೆ ಹಿಂದಕ್ಕೆ ವಾಲಿತ್ತು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆ ಅದು. ನಾವು ಮಾಡಿದ ತಪ್ಪು ಸ್ಪಷ್ಟವಾಯಿತು: ಮುಂಭಾಗದ ಭಾರ ಕಂಬದಲ್ಲಿ ನೆಲಕ್ಕಿಳಿದರೂ ಹಿಂಭಾಗದ ಅರ್ಧ ಭಾರ ಆ ಗೋಡೆಯ ತಿರುಪುಗಳನ್ನೇ ನಂಬಿತ್ತು. ಪುಸ್ತಕಗಳು ಅಡಿಯೊಂದಕ್ಕೆ ಎಂಟು ಹತ್ತು ಕಿಲೋ ತೂಗುತ್ತವೆ. ಮೂರು ಹಲಗೆ ತುಂಬಿದರೆ ನೂರು ಕಿಲೋ. ಆ ಮೂಲೆಯಲ್ಲಿ ಮಕ್ಕಳು ಆಡುತ್ತಾರೆಂಬುದು ನೆನಪಾಗಿ ಮೈ ನಡುಗಿತು.

ಎರಡನೆಯ ದಿನ ಇನ್ನೂ ಉದ್ದದ ತಿರುಪುಗಳನ್ನು ಹುಡುಕಿ ಮತ್ತೆ ಪೇಟೆಗೆ ಹೋದೆವು. ಗೋಡೆಯ ಮಣ್ಣೇ ಸಡಿಲವಾದರೆ ಉದ್ದದ ತಿರುಪು ಏನು ಮಾಡೀತು ಎಂದು ಅಂಗಡಿಯವರು ಅಂದಾಗ ಉತ್ತರ ತೋಚಲಿಲ್ಲ. ಬಿಸಿಲು ಏರಿತ್ತು. ಸಮೀಪದಲ್ಲೇ, ಕೋಟೆ ವೆಂಕಟರಮಣಸ್ವಾಮಿಯ ದೇವಾಲಯದ ಪಕ್ಕದಲ್ಲಿರುವ ಟೀಪೂ ಸುಲ್ತಾನನ ಬೇಸಗೆಯ ಅರಮನೆಗೆ ನೆರಳನ್ನರಸಿ ಹೋದೆವು. ಹೈದರ್ ಅಲಿ ೧೭೮೧ರಲ್ಲಿ ಆರಂಭಿಸಿ ಟೀಪೂ ೧೭೯೧ರಲ್ಲಿ ಮುಗಿಸಿದ ಈ ಕಟ್ಟಡದ ಬಹುಭಾಗ ತೇಗದ ಮರದ್ದು. ಅರಸರು ಹೋದ ಮೇಲೆ ೧೮೬೮ರವರೆಗೂ ಸರಕಾರದ ಕಚೇರಿಗಳು ಇಲ್ಲಿ ನಡೆದವು. ಆ ಎತ್ತರದ ಕಂಬಗಳ ಸಾಲನ್ನು ನೋಡುತ್ತ ಕಣ್ಣು ಕೆಳಗಿಳಿದಾಗ ಕಂಡಿತು: ಯಾವ ಮರವೂ ನೆಲವನ್ನು ಮುಟ್ಟಿಲ್ಲ, ಪ್ರತಿಯೊಂದು ಕಂಬವೂ ಕಲ್ಲಿನ ಪೀಠದ ಮೇಲೆ ನಿಂತಿದೆ. ಮೇಲಿನ ಅಂತಸ್ತಿನ ಭಾರವನ್ನೆಲ್ಲ ಮರ ಕಲ್ಲಿಗೆ, ಕಲ್ಲು ಭೂಮಿಗೆ ಒಪ್ಪಿಸುತ್ತಿದೆ. ನಮ್ಮ ಊರಿನ ಮನೆಯ ಜಗುಲಿಯ ಕಂಬಗಳೂ ಹೀಗೆಯೇ ಇದ್ದವಲ್ಲ! ಹುಟ್ಟಿದಾರಭ್ಯ ನೋಡಿದ್ದನ್ನು ಕಾಣಲು ಇಷ್ಟು ದೂರ ಬರಬೇಕಾಯಿತು.

ತಿರುಪುಗಳ ಜೊತೆಗೆ ಅಂಗೈಯಗಲದ ಎರಡು ಗ್ರಾನೈಟ್ ತುಂಡುಗಳನ್ನು ತಂದೆವು. ಉಳಿದಿದ್ದ ಹಲಗೆಯಿಂದ ಎರಡು ಪಟ್ಟಿಗಳನ್ನು ಸೀಳಿ, ಆ ಕಲ್ಲುಗಳ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಫ್ಲಾಂಜುಗಳನ್ನು ಗೋಡೆಗೆ ಬದಲಾಗಿ ಈ ಪಟ್ಟಿಗಳಿಗೆ ಬಿಗಿದೆವು. ಈಗ ಹಿಂದಿನ ಭಾರವೂ ಕಲ್ಲಿಗೆ ಇಳಿಯುತ್ತದೆ. ಗೋಡೆಯ ಗಟ್ಟಿ ಇಟ್ಟಿಗೆಗಳನ್ನು ತಟ್ಟಿ ಗುರುತಿಸಿ ಹಾಕಿದ ಉದ್ದದ ತಿರುಪುಗಳಿಗೆ ನಿಲುವು ಮುಂದಕ್ಕೆ ಮಗುಚದಂತೆ ಹಿಡಿಯುವುದಷ್ಟೇ ಕೆಲಸ. ಗೆದ್ದಲು ಕಲ್ಲನ್ನೂ ಕಬ್ಬಿಣವನ್ನೂ ಏರಲಾರದೆಂದಲ್ಲ; ಏರಬೇಕಾದರೆ ಹೊರಗೆ ಮಣ್ಣಿನ ದಾರಿ ಕಟ್ಟಲೇಬೇಕು, ಅದು ಕಸ ಗುಡಿಸುವವರ ಕಣ್ಣಿಗೆ ಬೀಳುತ್ತದೆ. ಅಕ್ಕಿಮೂಟೆ ಮೂರು ರಾತ್ರಿ ಕುಳಿತಿತ್ತು; ಏನೂ ಕದಲಲಿಲ್ಲ.

ಇಂಥ ನಿಲುವನ್ನು ಮಾಡಬಯಸುವ ವಾಚಕರಿಗೆ ನಮ್ಮ ಅರಿಕೆ ಇಷ್ಟೆ: ಕೊಳವೆಯನ್ನು ಆರಿಸುವ ಮುಂಚೆ ಗೋಡೆಯನ್ನು ಪರೀಕ್ಷಿಸಿರಿ, ಭಾರ ಯಾವ ದಾರಿಯಿಂದ ಭೂಮಿಗೆ ಇಳಿಯುತ್ತದೆಂದು ಬೆರಳಿಟ್ಟು ಎಣಿಸಿರಿ.

ತಾಯಿಯವರು ಪುಸ್ತಕಗಳನ್ನು ಒಂದೊಂದಾಗಿ ಒರೆಸಿ ತಾವೇ ಜೋಡಿಸಿದರು. ಮೇಲಿನ ಹಲಗೆಯ ಬಲತುದಿಯಲ್ಲಿ ಎರಡು ಪುಸ್ತಕಗಳಷ್ಟು ಜಾಗವನ್ನು ಬರಿದಾಗಿ ಬಿಟ್ಟಿದ್ದಾರೆ. ಅಲ್ಲಿ ಬೇರೆ ಏನನ್ನೂ ಇಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.