ಅಕ್ಕಲಕೋಟೆಯ ಶಸ್ತ್ರಾಗಾರವೂ ಗೌಡರ ಮೂರು ಬಂದೂಕುಗಳೂ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರು. ಪಟ್ಟಣ ಹಿಂದಾಗುತ್ತಲೇ ರಸ್ತೆಯ ಇಕ್ಕೆಲದಲ್ಲಿ ಎರೆಯ ಹೊಲಗಳು ಹರಡಿಕೊಳ್ಳುತ್ತವೆ. ಜೋಳ, ತೊಗರಿ, ನೀರಿನ ಆಸರೆ ಇದ್ದಲ್ಲಿ ಕಬ್ಬು. ಫಲಕಗಳೆಲ್ಲ ಮರಾಠಿಯಲ್ಲಿವೆ. ಬಸ್ಸಿನೊಳಗಿನ ಮಾತು ಮಾತ್ರ ಎರಡು ಭಾಷೆಗಳ ನಡುವೆ ಓಡಾಡುತ್ತದೆ. ಕಂಡಕ್ಟರನಿಂದ ಮರಾಠಿಯಲ್ಲಿ ಟಿಕೀಟು ಪಡೆದ ಮುದುಕಿ, ಮಗ್ಗುಲಲ್ಲಿ ಕುಳಿತವಳೊಡನೆ ಮಳೆಯ ಸುದ್ದಿಯನ್ನು ಕನ್ನಡದಲ್ಲೇ ತೆಗೆಯುತ್ತಾಳೆ. ಬಸ್ಸಿಳಿದವರಲ್ಲಿ ಹೆಚ್ಚಿನವರು ನೇರವಾಗಿ ವಟವೃಕ್ಷದ ಗುಡಿಯತ್ತ, 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ದರ್ಶನಕ್ಕೆ ನಡೆಯುತ್ತಾರೆ. ಅರಮನೆಯ ಶಸ್ತ್ರಾಗಾರದತ್ತ ಹೊರಳುವವರು ಕಡಿಮೆ.

ಖಂಡೇನವಮಿಗೆ ಕೆಲವೇ ದಿನಗಳಿದ್ದ ಒಂದು ಬೆಳಿಗ್ಗೆ ಹಾಗೆ ಹೊರಳಿದವರಲ್ಲಿ ಒಬ್ಬ ತಂದೆ ಮತ್ತು ಮಗ ಇದ್ದರು. ತಂದೆ ಬೋರಿ ನದಿಯ ದಂಡೆಯ ಒಂದು ಹಳ್ಳಿಯ ಗೌಡರು. ವಯಸ್ಸು 70 ದಾಟಿದೆ. ಮಗ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ದೀಪಾವಳಿಯ ನಂತರ ತಂದೆತಾಯಿಯನ್ನು ಅಲ್ಲಿಗೇ ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ಹೊಲ ಪಾಲಿಗೆ ಹೋಗಿತ್ತು, ಎತ್ತುಗಳು ಸಂತೆಗೆ ಹೋಗಿದ್ದವು. ತೀರ್ಮಾನವಾಗದೆ ಉಳಿದಿದ್ದುದು ಪಡಸಾಲೆಯ ಗೋಡೆಯ ಮೇಲಿನ ಎರಡು ಬಂದೂಕುಗಳ ಮಾತು.

ಮೊದಲು ಮೂರಿದ್ದವು. ಗೌಡರ ಅಜ್ಜನ ಕಾಲದ್ದು, ಬಾಯಿಯಿಂದ ಮದ್ದು ತುಂಬಿ ಜಡಿಯುವ ಉದ್ದ ನಳಿಗೆಯದು. ಅಪ್ಪನದು ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ಜೋಡುನಳಿಗೆಯ ಬೇಟೆ ಬಂದೂಕು. ಅದರ ಮರದ ಹಿಡಿ ಇಂದಿಗೂ ಕನ್ನಡಿಯಂತೆ ಹೊಳೆಯುತ್ತದೆ. ಮೂರನೆಯದು ಗೌಡರೇ ಕಾಡುಹಂದಿಯ ಕಾಟಕ್ಕೆಂದು ಕೊಂಡ ಒಂಟಿನಳಿಗೆಯದು. 2019ರ ಡಿಸೆಂಬರಿನಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿಯಾಗಿ, ಒಬ್ಬನ ಬಳಿ ಇರಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕಿಳಿಯಿತು. ಮಸೂದೆ ಮೊದಲು ಒಂದನ್ನಷ್ಟೇ ಉಳಿಸಲು ಹೊರಟಿತ್ತು. ಆಕ್ಷೇಪಗಳು ಬಂದ ಮೇಲೆ ಎರಡಕ್ಕೆ ನಿಂತಿತು. ಹೆಚ್ಚಿನದನ್ನು ಒಂದು ವರ್ಷದೊಳಗೆ ಪೊಲೀಸ್ ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಬೇಕೆಂಬ ನಿಯಮ ಬಂತು. ಗೌಡರು ಹೆಚ್ಚು ಯೋಚಿಸದೆ ತಮ್ಮದನ್ನೇ ಒಯ್ದು ವ್ಯಾಪಾರಿಗೆ ಕೊಟ್ಟರು. ತಾನು ಗಳಿಸಿದ್ದನ್ನು ಬಿಡುವುದು ಹಗುರ; ಹಿರಿಯರು ಬಿಟ್ಟುಹೋದದ್ದನ್ನು ಬಿಡುವುದು ಹಾಗಲ್ಲವೆಂದು ಅವರಿಗೆ ಅಂದು ತಿಳಿದಿರಲಿಲ್ಲ.

ಉಳಿದ ಎರಡರ ಮಾತು ಹೀಗೆ ಮುಗಿಯಲಿಲ್ಲ. ಬೀಗ ಹಾಕಿದ ಮನೆಯಲ್ಲಿ ಬಂದೂಕು ಇಡುವಂತಿಲ್ಲ. ಪರವಾನಗಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಚುನಾವಣೆ ಘೋಷಣೆಯಾದಾಗಲೆಲ್ಲ ಬಟ್ಟೆಯಲ್ಲಿ ಸುತ್ತಿ ಠಾಣೆಗೆ ಒಯ್ದು, ರಸೀದಿ ಪಡೆದು, ಮುಗಿದ ಮೇಲೆ ಮತ್ತೆ ತರಬೇಕು. ಹಾಗೆ ಒಯ್ದು ತಂದದ್ದು ಬಿಟ್ಟರೆ ಬಹಳ ವರ್ಷಗಳಿಂದ ಅವು ಗೋಡೆ ಬಿಟ್ಟು ಇಳಿದದ್ದೇ ಇಲ್ಲ. ಹಳೆಯ ಬಂದೂಕುಗಳನ್ನು ಸಂಗ್ರಹಿಸುವ ಪರವಾನಗಿದಾರರೊಬ್ಬರು ಎರಡಕ್ಕೂ ಸೇರಿಸಿ ಒಳ್ಳೆಯ ಬೆಲೆ ಹೇಳಿದ್ದರು. ಸೋರುತ್ತಿದ್ದ ಮಾಳಿಗೆಯನ್ನು ಅಷ್ಟರಲ್ಲಿ ಹೊಸದಾಗಿ ಕಟ್ಟಬಹುದಾಗಿತ್ತು. ಮಗ ಎರಡನ್ನೂ ಕೊಟ್ಟುಬಿಡುವುದೇ ಸರಿ ಎಂದ. ಗೌಡರು ಯಾವ ಮಾತನ್ನೂ ಆಡಲಿಲ್ಲ. ಕೊನೆಗೆ ಮಾತಾಡಿದವರು ಗೌಡತಿ: “ಮನಿಗೆ ಕೀಲಿ ಹಾಕಿ ಹೋದ ಮ್ಯಾಲ ಇವು ಯಾರ್ನ ಕಾಯತಾವ?”

ಮರುದಿನ ಗೌಡರು ಮಗನಿಗೆ, “ಒಮ್ಮೆ ಅಕ್ಕಲಕೋಟಿಗೆ ಹೋಗಿ ಬರೂಣು ನಡಿ, ತಮ್ಮಾ” ಎಂದರು.

ಅಕ್ಕಲಕೋಟೆಯ ಭೋಸಲೆ ಮನೆತನದ ಕಥೆ ಆರಂಭವಾಗುವುದೇ ಒಂದು ಕಾಳಗದಿಂದ. ಔರಂಗಜೇಬನ ಮರಣಾನಂತರ ಮೊಗಲರ ಸೆರೆಯಿಂದ ಬಿಡುಗಡೆಯಾಗಿ ಸಾತಾರದತ್ತ ಮರಳುತ್ತಿದ್ದ ಶಾಹು ಮಹಾರಾಜರಿಗೆ ದಾರಿಯ ಒಂದು ಹಳ್ಳಿಯಲ್ಲಿ ಪ್ರತಿರೋಧ ಎದುರಾಯಿತು. ಆ ಕಾಳಗದಲ್ಲಿ ಹಳ್ಳಿಯ ಲೋಖಂಡೆ ಪಾಟೀಲ ಮಡಿದ. ಅವನ ಹೆಂಡತಿ ತನ್ನ ಕೂಸು ರಾಣೋಜಿಯನ್ನು ತಂದು ಶಾಹುವಿನ ಪಾದದ ಬಳಿ ಇಟ್ಟಳೆಂದೂ, ಶಾಹು ಅದನ್ನು ಮಗನಂತೆ ಸಾಕಿ, ಗೆಲುವಿನ ನೆನಪಿಗೆ ಫತೇಸಿಂಹನೆಂದು ಕರೆದು, ಮುಂದೆ ಅಕ್ಕಲಕೋಟೆಯನ್ನು ಕೊಟ್ಟನೆಂದೂ ಹೇಳುತ್ತಾರೆ. ಅದೇ ಮನೆತನದಲ್ಲಿ ಬಂದ, 1923ರಲ್ಲಿ ತೀರಿಕೊಂಡ ಮೂರನೆಯ ಫತೇಸಿಂಹರಾಯರು ಆಯುಧಗಳ ಸಂಗ್ರಹದಲ್ಲಿ ವಿಶೇಷ ಆಸಕ್ತಿ ಇದ್ದವರು. 1948ರ ಮಾರ್ಚ್ 8ರಂದು ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1971ರಲ್ಲಿ ರಾಜಧನವೂ ನಿಂತಿತು. ದೇಶದ ಅದೆಷ್ಟೋ ಅರಮನೆಗಳ ಆಯುಧಗಳು ಒಂದೊಂದಾಗಿ ವ್ಯಾಪಾರಿಗಳ ಕೈಸೇರಿದ ಕಾಲದಲ್ಲಿಯೂ ಇಲ್ಲಿಯವು ಒಂದೇ ಸೂರಿನಡಿ ಉಳಿದವು.

ಹೊಸ ಅರಮನೆಯ ಆ ಕೋಣೆಗಳಲ್ಲಿ ಕತ್ತಿ, ಕಠಾರಿ, ಭರ್ಚಿ, ಬಂದೂಕುಗಳು ಗೋಡೆ ತುಂಬ ನಿಂತಿವೆ. ಮೊದಲು ಕಣ್ಣಿಗೆ ಬೀಳುವುದು ಸಾಲು. ಒಂದೊಂದು ಆಯುಧ ಬೇರೆಯಾಗಿ ಕಾಣತೊಡಗುವುದು ಸ್ವಲ್ಪ ಹೊತ್ತಿನ ನಂತರ. ಸಣ್ಣ ಊರೊಂದು ಇಷ್ಟನ್ನು ಜೋಪಾನ ಮಾಡಿಟ್ಟುಕೊಂಡಿದೆಯಲ್ಲ ಎಂಬ ಬೆರಗು ಬರುತ್ತದೆ. ಇಷ್ಟೂ ಯಾರ ಮೇಲೆ ಎತ್ತಲ್ಪಟ್ಟಿದ್ದವೆಂಬ ಪ್ರಶ್ನೆಯೂ ಅದರ ಬೆನ್ನಿಗೇ ಬರುತ್ತದೆ.

ಮಗ ಬೆಲೆಯ ಲೆಕ್ಕದಲ್ಲಿದ್ದ. ಟಿಪ್ಪುವಿನ ಶಯನಾಗಾರದ ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋದ ಸುದ್ದಿ ಅವನಿಗೆ ನೆನಪಿತ್ತು. “ಅಪ್ಪಾ, ಹಳೇ ಆಯುಧಕ್ಕ ಬೆಲಿ ಇರೋದು ಹಿಂಗ ನೋಡ್ರಿ” ಎಂದ.

“ಆ ಕತ್ತಿಗಿ ಟಿಪ್ಪು ಅಂತ ಹೆಸರದ. ನಮ್ಮ ಅಜ್ಜನ ಬಂದೂಕಿಗಿ ಏನು ಹೆಸರದ?” ಎಂದರು ಗೌಡರು. ಆಮೇಲೆ ಮನೆಯದನ್ನೇ ಹೋಲುವ ಒಂದು ಉದ್ದ ನಳಿಗೆಯ ಬಂದೂಕಿನ ಮುಂದೆ ನಿಂತು, ಅದುವರೆಗೆ ಮಗನಿಗೆ ಪೂರ್ತಿಯಾಗಿ ಹೇಳದಿದ್ದ ಸಂಗತಿಯನ್ನು ಹೇಳಿದರು.

ಅದು 1948ರ ಬೇಸಿಗೆ. ಅಕ್ಕಲಕೋಟೆ ವಿಲೀನವಾಗಿತ್ತು. ಆದರೆ ಪೂರ್ವಕ್ಕೆ ಕೆಲವೇ ಮೈಲಿಯಾಚೆ ಆಳಂದ, ಅಫಜಲಪುರದ ಸೀಮೆ ಇನ್ನೂ ನಿಜಾಮರ ಕೈಯಲ್ಲಿತ್ತು. ರಜಾಕಾರರ ಹಾವಳಿಗೆ ಹೆದರಿದ ಜನ ಗಂಟುಮೂಟೆ ಹೊತ್ತು ಗಡಿ ದಾಟಿ ಬರುತ್ತಿದ್ದರು. ಗೌಡರ ಮನೆಯ ಹಗೇವು ತೆರೆದು ಜೋಳ ಹಂಚಿದ್ದನ್ನು ಊರ ಹಿರಿಯರು ಹೇಳುತ್ತಿದ್ದರು. ಅಜ್ಜ ರಾತ್ರಿಯೆಲ್ಲ ನದಿಯ ದಂಡೆಯಲ್ಲಿ ಬಂದೂಕು ಹಿಡಿದು ಕೂರುತ್ತಿದ್ದರು. ಆ ಕಾವಲಿನ ಕಥೆಯನ್ನು ಮನೆಯವರು ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದರು: ಒಂದು ರಾತ್ರಿ ಆಚೆ ದಂಡೆಯಲ್ಲಿ ದೀವಟಿಗೆಗಳು ಕಂಡವು, ಅಜ್ಜ ಗಾಳಿಯಲ್ಲಿ ಗುಂಡು ಹಾರಿಸಿದರು, ದೀವಟಿಗೆಗಳು ಹಿಂದಿರುಗಿದವು, ಊರು ಉಳಿಯಿತು.

ಹೇಳದೆ ಬಿಟ್ಟ ಭಾಗವೊಂದಿತ್ತು. ಬೆಳಿಗ್ಗೆ ಆಚೆ ದಂಡೆಗೆ ಹೋಗಿ ನೋಡಿದಾಗ ಕುದುರೆಯ ಹೆಜ್ಜೆಗಳಿರಲಿಲ್ಲ. ಮಗುವಿನದೊಂದು ಕುಲಾವಿ ಬಿದ್ದಿತ್ತು. ದೀವಟಿಗೆ ಹಿಡಿದು ಬಂದವರು ರಜಾಕಾರರೋ, ಅವರಿಗೆ ಹೆದರಿ ಆಸರೆ ಹುಡುಕುತ್ತ ಬಂದವರೋ ಕೊನೆಗೂ ತಿಳಿಯಲಿಲ್ಲ. ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಹೈದರಾಬಾದಿಗೆ ನುಗ್ಗಿ, ಐದು ದಿನಗಳಲ್ಲಿ ಎಲ್ಲ ಮುಗಿಯಿತು. ಅಜ್ಜ ಆಮೇಲೆ ಆ ಬಂದೂಕಿಗೆ ಮದ್ದು ತುಂಬಲಿಲ್ಲ, ಮಾರಲೂ ಒಪ್ಪಲಿಲ್ಲ. ಪ್ರತಿ ಖಂಡೇನವಮಿಗೆ ಅದಕ್ಕೆ ಅರಿಷಿಣ ಕುಂಕುಮ ಏರಿಸುವಾಗ ಅವರ ಕೈ ನಡುಗುತ್ತಿತ್ತೆಂಬುದು ಗೌಡರ ಅಪ್ಪ ಹೇಳಿದ ಮಾತು.

“ಮತ್ತ ಇದನ್ನ ಇಷ್ಟ ದಿನ ಯಾಕ ಹೇಳಲಿಲ್ರಿ?” ಎಂದು ಮಗ ಕೇಳಿದ.

“ಪರಾಕ್ರಮದ ಕಥಿ ಹೇಳೂದು ಸರಳ, ತಮ್ಮಾ.”

ಹಿಂದಿರುಗುವ ದಾರಿಯಲ್ಲಿ ಮಾತು ಜೋಡುನಳಿಗೆಯ ಕಡೆ ಹೊರಳಿತು. ನೋಡಿದವರೆಲ್ಲ ಮೆಚ್ಚುತ್ತಿದ್ದುದು, ಬೆಲೆ ಬಾಳುತ್ತಿದ್ದುದು ಅದೇ. ಮಗನಿಗೆ ಅದರ ಮೇಲೆ ಬಾಲ್ಯದ ಮೋಹವೂ ಇತ್ತು. ಗೌಡರ ಅಪ್ಪ ಅದನ್ನು ಹೆಗಲಿಗೇರಿಸಿ ಚಿಗರಿಗಳ ಬೆನ್ನು ಹತ್ತಿದವರು. ಎರೆಯ ಬಯಲಲ್ಲಿ ಎರೆಭೂತ ಹಕ್ಕಿಯನ್ನು ಹೊಡೆದು ಕಾಲ ಬಳಿ ಮಲಗಿಸಿಕೊಂಡು ತೆಗೆಸಿದ ಫೋಟೋ ಇಂದಿಗೂ ಪಡಸಾಲೆಯಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಬೇಟೆಯನ್ನು ನಿಲ್ಲಿಸಿತು. ಅಳಿದುಳಿದ ಎರೆಭೂತಗಳಿಗಾಗಿ 1979ರಲ್ಲಿ ಸೊಲ್ಲಾಪುರದ ಬಳಿಯ ನಾನ್ನಜದಲ್ಲಿ ಅಭಯಾರಣ್ಯವಾಯಿತು. ಈಗ ಅಲ್ಲಿಯೂ ಆ ಹಕ್ಕಿ ಕಣ್ಣಿಗೆ ಬೀಳುವುದೇ ಅಪರೂಪ. ಬಂದೂಕು ಹೊಳೆಯುತ್ತ ಉಳಿದಿದೆ, ಅದು ಹೊಡೆದ ಹಕ್ಕಿ ಬಯಲಿನಲ್ಲಿಲ್ಲ.

ಆ ರಾತ್ರಿ ಗೌಡರು ನಿರ್ಧಾರ ಹೇಳಿದರು: ಜೋಡುನಳಿಗೆಯದು ಹೋಗಲಿ, ಅಜ್ಜನದು ಇರಲಿ. ಕೊಳ್ಳುವವರು ಬಯಸಿದ್ದೂ ಜೋಡುನಳಿಗೆಯನ್ನೇ. ಇನ್ನೊಂದನ್ನು ಅವರು ಕೇಳಿದ್ದು ಜೊತೆಗಿರಲೆಂದು. ಬೆಲೆ ಸ್ವಲ್ಪ ಇಳಿಯಿತಷ್ಟೆ. ಮಾಳಿಗೆಯ ಅರ್ಧವಾದರೂ ಆಗುವಂತಿತ್ತು.

ಮಾರುವುದಕ್ಕೂ ಒಂದು ಕ್ರಮವಿದೆ. ಕೊಳ್ಳುವವನಿಗೆ ಪರವಾನಗಿ ಇರಬೇಕು. ಮಾರುವ ಉದ್ದೇಶವನ್ನೂ ಬಂದೂಕಿನ ವಿವರವನ್ನೂ ಜಿಲ್ಲಾಧಿಕಾರಿಗೆ ಅಥವಾ ಸಮೀಪದ ಠಾಣಾಧಿಕಾರಿಗೆ ಬರೆದು ತಿಳಿಸಿ, 45 ದಿನ ಕಾಯಬೇಕು. ಉಳಿಸಿಕೊಳ್ಳುವುದಕ್ಕೂ ಕ್ರಮವಿದೆ. 2016ರ ಆಯುಧ ನಿಯಮಗಳ ಪ್ರಕಾರ, ಪರವಾನಗಿದಾರನಿಗೆ 70 ವರ್ಷ ತುಂಬಿದರೆ, ಇಲ್ಲವೆ ಬಂದೂಕು ಅವನ ಬಳಿ 25 ವರ್ಷ ಇದ್ದಿದ್ದರೆ, ಅವನು ಬದುಕಿರುವಾಗಲೇ ವಾರಸುದಾರನು ತನ್ನ ಹೆಸರಿಗೆ ಪರವಾನಗಿ ಕೇಳಬಹುದು. ಹಾಗೆ ಮಾಡದೆ ಪರವಾನಗಿದಾರ ತೀರಿಕೊಂಡರೆ ಬಂದೂಕನ್ನು ಠಾಣೆಯಲ್ಲೋ ವ್ಯಾಪಾರಿಯಲ್ಲೋ ಜಮೆ ಮಾಡಬೇಕಾಗುತ್ತದೆ. ಹೊತ್ತಿಗೆ ಸರಿಯಾಗಿ ಯಾರೂ ಕೇಳದಿದ್ದರೆ ಅದು ಸರಕಾರದ ಪಾಲು. ಆದ್ದರಿಂದ ಅಜ್ಜನ ಬಂದೂಕು ಉಳಿಯಬೇಕಾದರೆ ಗೌಡರ ಇಚ್ಛೆಯೊಂದೇ ಸಾಲದು. ಅದನ್ನು ಹೊರಲು ಮಗ ಒಪ್ಪಬೇಕಾಗಿತ್ತು.

ಗೌಡರು ಒತ್ತಾಯ ಮಾಡಲಿಲ್ಲ. “ನಿನಗ ಬ್ಯಾಡ ಅನ್ನಿಸಿದ್ರ ಠಾಣೇದಾಗ ಕೊಟ್ಟುಬಿಡೂಣು. ಯಾರಿಗೂ ಮಾರೂದು ಬ್ಯಾಡ” ಎಂದಷ್ಟೇ ಹೇಳಿದರು. ಮಗ ಎರಡು ದಿನ ಮಾತೆತ್ತಲಿಲ್ಲ. ಮೂರನೆಯ ದಿನ ಸೊಲ್ಲಾಪುರಕ್ಕೆ ಹೋಗಿ ಅರ್ಜಿಯ ನಮೂನೆ ತಂದ. ಅದರಲ್ಲಿ ಬಂದೂಕು ಯಾತಕ್ಕೆ ಬೇಕೆಂದು ಬರೆಯುವ ಜಾಗಕ್ಕೆ ಬಂದಾಗ ಲೇಖಣಿ ನಿಂತಿತು. ಆತ್ಮರಕ್ಷಣೆಗಲ್ಲ, ಬೆಳೆಯ ರಕ್ಷಣೆಗಲ್ಲ. ಕೊನೆಗೆ ಮನೆತನದ ವಾರಸಿಕೆ ಎಂದು ಬರೆದ.

ಖಂಡೇನವಮಿಯ ದಿನ ಎರಡೂ ಬಂದೂಕುಗಳನ್ನು ಕೊನೆಯ ಬಾರಿಗೆ ಜೊತೆಯಾಗಿ ಕಂಬಳಿಯ ಮೇಲೆ ಇಟ್ಟರು. ಕುಡ, ಕುರುಪಿ, ಕುಡುಗೋಲುಗಳೂ ಪಕ್ಕದಲ್ಲಿದ್ದವು. ಎತ್ತುಗಳಿಲ್ಲದ ಮನೆಯಲ್ಲಿ ಅವುಗಳಿಗೂ ಅದೇ ಕೊನೆಯ ಪೂಜೆಯಿರಬೇಕು. ಗೌಡತಿ ಎಲ್ಲಕ್ಕೂ ಕುಂಕುಮ ಹಚ್ಚಿ ಚೆಂಡುಹೂ ಏರಿಸಿದರು. ಅಜ್ಜನ ಬಂದೂಕಿನ ಸರದಿ ಬಂದಾಗ ಗೌಡರು ಬಟ್ಟಲನ್ನು ಮಗನ ಕೈಗೆ ಕೊಟ್ಟರು. ಅವನು ಹಚ್ಚಿದ. ಮರುದಿನ ಬನ್ನಿ ಹಂಚಲು ಬಂದವರು ಮಾರುವ ಸುದ್ದಿ ಕೇಳಿ, “ಛಲೋದನ್ನ ಕೊಟ್ಟು ತುಕ್ಕು ಹಿಡಿದದ್ದನ್ನ ಇಟ್ಕೊಂಡ್ರೇನ್ರಿ, ಗೌಡ್ರ?” ಎಂದು ನಕ್ಕರು.

ಗೌಡರು ಉತ್ತರಿಸುವ ಮೊದಲೇ ಮಗ ಹೇಳಿದ: “ಕುಂದರ್ರಿ ಕಾಕಾ. ಅದರದೊಂದು ಕಥಿ ಅದ, ಪೂರಾ ಹೇಳತೀನಿ.”